ಹೆಚ್ಚಾದ ಸಾಲ

ಬಸವಕಲ್ಯಾಣದ ಬಸ್ ನಿಲ್ದಾಣದ ಹಿಂದೆ ಟ್ರ್ಯಾಕ್ಟರ್ ಸೀಟು ಹೊಲಿಯುವ ಶಂಕರಲಿಂಗನ ಸಾಲವು ಪೂರ್ತಿ ತೀರಿದ ಮೇಲೆ ಹೆಚ್ಚಾಯಿತು. ಸಂಬಂಧಪಟ್ಟ ಎಲ್ಲ ಕಚೇರಿಗಳೂ ಪರಿಶೀಲಿಸಿ, ದೃಢಪಡಿಸಿ, ಮೊಹರು ಹಾಕಿದ ಸಂಗತಿ ಇದು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಪ್ರತಿಯೊಂದು ಕಚೇರಿಯೂ ತನ್ನ ಮಟ್ಟಿಗೆ ಬರೆದುಕೊಟ್ಟಿದೆ.

ಶಂಕರಲಿಂಗನ ತಾಯಿ ತುಳಜಾಬಾಯಿಯ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಅಕ್ಕಿ ಖಾಲಿಯಾದರೆ ಅಕ್ಕಿ ಹೆಚ್ಚಾಗ್ಯದ ಅನ್ನಬೇಕು. ದೀಪ ಆರಿಸುವಂತಿಲ್ಲ, ದೊಡ್ಡದು ಮಾಡಬೇಕು. ಮುಗಿಯಿತು, ಬಂದ್ ಆಯಿತು ಎಂಬ ಮಾತು ತುಟಿಗೆ ಬಂದರೆ ಮನೆಯ ಲಕ್ಷ್ಮಿ ಅದನ್ನು ಕೇಳಿಸಿಕೊಂಡು ಅಲ್ಲೇ ಚಪ್ಪಲಿ ಮೆಟ್ಟುತ್ತಾಳೆಂದು ಆಕೆಯ ನಂಬಿಕೆ. ಓಣಿಯವರೆಲ್ಲರೂ ಹೀಗೇ ಮಾತಾಡುವುದರಿಂದ ಗೊಂದಲವಿಲ್ಲ. ಅಕ್ಕಿ ಹೆಚ್ಚಾಗಿದೆ ಅಂದರೆ ನೆರೆಯವರು ಒಂದು ಬಟ್ಟಲು ಅಕ್ಕಿ ತಂದುಕೊಡುತ್ತಾರೆಯೇ ಹೊರತು ಕೇಳಲು ಬರುವುದಿಲ್ಲ.

ಇಂಥ ಮನೆಯಲ್ಲಿ ಬೆಳೆದ ಶಂಕರಲಿಂಗ ಹುಮನಾಬಾದಿನ ಶೀಘ್ರಫಲ ಫೈನಾನ್ಸಿನಲ್ಲಿ ಹೊಲಿಗೆ ಯಂತ್ರದ ಮೇಲೆ ಸಾಲ ತೆಗೆದಿದ್ದ. ಒಂದು ಕಂತೂ ತಪ್ಪಿಸದೆ, ಕೊನೆಯ ಪೈಸೆಯವರೆಗೆ ಕಟ್ಟಿದ. ಅಂದು ಗುಮಾಸ್ತ ದಿಗಂಬರ ಕಂಪ್ಯೂಟರಿನಲ್ಲಿ ಖಾತೆಯ ಸ್ಥಿತಿ ತುಂಬಿಸಬೇಕಾಯಿತು. ದಿಗಂಬರ ಮರ್ಯಾದಸ್ಥ. ಗ್ರಾಹಕರನ್ನು ಕೇಳದೆ ಏನನ್ನೂ ಬರೆಯುವವನಲ್ಲ.

"ಕ್ಲೋಸ್ಡ್ ಅಂತ ಒಂದದ, ಸೆಟಲ್ಡ್ ಅಂತ ಒಂದದ. ಯಾವದು ಹಾಕ್ಲಿರಿ?" ಎಂದು ಕೇಳಿದ.

ಕ್ಲೋಸ್ ಅಂದರೆ ಬಂದ್. ಸಾಲ ತೀರಿದ ಶುಭದಿನ ತನ್ನ ಹೆಸರಿನ ಮುಂದೆ ಬಂದ್ ಅಂತ ಬರೆಸಿಕೊಂಡು ಮನೆಗೆ ಹೋದರೆ ಅವ್ವ ಒಳಗೆ ಬಿಟ್ಟುಕೊಳ್ಳುವಳೇ? ಅದೇ ಸೆಟಲ್ ಅಂದರೆ ನೌಕರಿ, ಮನೆ, ಮಾನ ಎಲ್ಲ ಇದ್ದವನು. ಮದುವೆಗೆ ಗಂಡು ನೋಡುವವರು ಮೊದಲು ಕೇಳುವುದೇ ಹುಡುಗ ಸೆಟಲ್ ಆಗ್ಯಾನೇನು ಅಂತ. ಶಂಕರಲಿಂಗ ಎದೆಯುಬ್ಬಿಸಿ ಸೆಟಲ್ಡ್ ಅಂತಲೇ ಹಾಕಿಸಿದ. ಊರಿಗೆ ಬಂದು ಪೇಢೆ ಹಂಚಿದ.

ಅವನ ಅಂಗಡಿಯ ಜಾಗ ಹಜಿರಾ ಬೀ ಎಂಬ ಮುದುಕಿಯದು. ಶಂಕರಲಿಂಗನ ತಂದೆ ಬಸವಣಪ್ಪನ ಕಾಲದಿಂದಲೂ ಇವರೇ ಬಾಡಿಗೆಗಿದ್ದರು. ತಂದೆ ದಬ್ಬಣ ಚುಚ್ಚಿ ಚುಚ್ಚಿ ತೂತು ಮಾಡಿದ ಬಾಗಿಲ ಚೌಕಟ್ಟು ಇನ್ನೂ ಹಾಗೇ ಇತ್ತು. ಹಜಿರಾ ಬೀ ಹುಲಸೂರಿನ ಮಗಳ ಮನೆಗೆ ಹೋಗಿ ಇರುವ ಮನಸ್ಸು ಮಾಡಿ, ಜಾಗ ಮಾರುತ್ತೇನೆಂದಳು. ಮೊಬೈಲ್ ಅಂಗಡಿಯವನೊಬ್ಬ ಕೈಯಲ್ಲಿ ನೋಟು ಹಿಡಿದೇ ನಿಂತಿದ್ದ. ಆದರೂ ಆಕೆ, "ಮೊದಲ ಹಕ್ಕ ನಿಂದು ಬೇಟಾ. ಈದ್ ತನಕ ಕಾಯ್ತೀನಿ, ಆಮ್ಯಾಲ ನನ್ನ ಬೈಬ್ಯಾಡ" ಎಂದಳು. ಆ ಜಾಗ ಹೋದರೆ ತನ್ನ ಕೈಯೇ ಹೋದಂತೆ ಎಂದು ಶಂಕರಲಿಂಗನಿಗೆ ಅನಿಸಿತು. ಅವನು ಸಾಲ ಕೇಳಲು ನೇರ ಬ್ಯಾಂಕಿಗೆ ನಡೆದ.

ಬ್ಯಾಂಕಿನ ಮ್ಯಾನೇಜರ್ ವರ್ಷಾ ಅವನ ಕ್ರೆಡಿಟ್ ವರದಿ ತೆಗೆದು ನೋಡಿ ಕನ್ನಡಕ ಸರಿ ಮಾಡಿಕೊಂಡರು. ಸೆಟಲ್ಡ್ ಅಂದರೆ, ಪೂರ್ತಿ ಕಟ್ಟಲಾಗದೆ ಚೌಕಾಶಿ ಮಾಡಿ, ಅಷ್ಟೋ ಇಷ್ಟೋ ಕೊಟ್ಟು ಕೈತೊಳೆದುಕೊಂಡವನು ಎಂದು ಅವರು ಸಮಾಧಾನದಿಂದ ವಿವರಿಸಿದರು. ಪೂರ್ತಿ ಕಟ್ಟಿದವನಿಗೆ ಕ್ಲೋಸ್ಡ್ ಅನ್ನುತ್ತಾರಂತೆ. ಶಂಕರಲಿಂಗನಿಗೆ ಕೂತ ಕುರ್ಚಿ ತುಸು ಕೆಳಗಿಳಿದಂತಾಯಿತು. ಇಡೀ ಊರಿಗೆ ತಾನು ಪೇಢೆ ಹಂಚಿದ್ದು ಈ ಮಾತಿಗೆ.

ವರ್ಷಾ ಒಳ್ಳೆಯವರು. ಪ್ರತಿ ವರ್ಷ ಒಮ್ಮೆ ವರದಿಯನ್ನು ಪುಕ್ಕಟೆಯಾಗಿ ತರಿಸಿ ನೋಡಬಹುದು, ಅದನ್ನು ಮೊದಲೇ ಮಾಡಬೇಕಿತ್ತು ಎಂದರು. ತಪ್ಪಿದ್ದರೆ ತಕರಾರು ಹಾಕಲಿಕ್ಕೂ ದುಡ್ಡಿಲ್ಲ. ಬಾಕಿ ಇಲ್ಲವೆಂಬ ಪತ್ರ ಕೈಲಿದ್ದರೆ ಸಾಕು, ಒಂದು ತಿಂಗಳೊಳಗೆ ಉತ್ತರ ಬರುತ್ತದೆ. ಪತ್ರ ಇತ್ತು. ತುಳಜಾಬಾಯಿ ಅದಕ್ಕೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟಿದ್ದಳು. ಶಂಕರಲಿಂಗ ಕುಂಕುಮ ಒರೆಸಿ, ಫೋಟೋ ಹೊಡೆದು, ವರದಿ ತಯಾರಿಸುವ ಕಂಪನಿಗೆ ತಕರಾರು ಕಳಿಸಿದ. ಉತ್ತರವೂ ಬಂತು:

"ಮಾನ್ಯ ಗ್ರಾಹಕರೇ, ತಮ್ಮ ಬಗೆಗಿನ ಮಾಹಿತಿಯನ್ನು ನಾವು ಸ್ವತಃ ತಿದ್ದುವುದಿಲ್ಲ. ಸಾಲ ಕೊಟ್ಟವರು ಹೇಳಿದ್ದನ್ನು ಮಾತ್ರ ಬರೆಯುತ್ತೇವೆ. ತಾವು ತಪ್ಪೆಂದು ತಿಳಿಸಿರುವುದು ತಪ್ಪೇ ಎಂದು ತಪ್ಪು ಮಾಡಿದವರನ್ನೇ ಕೇಳಲಾಗಿದೆ."

ಶೀಘ್ರಫಲ ಫೈನಾನ್ಸಿನ ಬೆಂಗಳೂರಿನ ಮುಖ್ಯ ಕಚೇರಿ ತಕರಾರನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿತು. ಪತ್ರದಲ್ಲಿ ಮೊಹರಿನ ಮೇಲೆ ಕುಂಕುಮದ ಕಲೆಯಿದ್ದುದರಿಂದ, ಸಾಲದ ಈಗಿನ ಸ್ಥಿತಿಯನ್ನು ಫೋನಿನಲ್ಲಿ ಖಾತ್ರಿ ಮಾಡಿಕೊಳ್ಳಲು ಒಬ್ಬ ಹುಡುಗಿಗೆ ಆದೇಶವಾಯಿತು. ಆಕೆ ಫೋನು ಮಾಡಿದ ಹೊತ್ತಿಗೆ ಶಂಕರಲಿಂಗ ಮೊಬೈಲನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಅಂಗಡಿಗೆ ಹೋಗಿದ್ದ. ಎತ್ತಿದವಳು ತುಳಜಾಬಾಯಿ.

"ಅಮ್ಮಾ, ಹೊಲಿಗೆ ಯಂತ್ರದ ಸಾಲ ಈಗ ಏನಾಗಿದೆ?"

"ಹೆಚ್ಚಾಗ್ಯದ್ರಿ."

"ಹೆಚ್ಚಾಗಿದೆಯಾ? ಖಚಿತವಾಗಿ ಹೇಳಿ."

"ಪೂರಾ ಹೆಚ್ಚಾಗ್ಯದ್ರಿ ಯವ್ವಾ. ನಾನೇ ದೇವರ ಮುಂದ ಸಕ್ರಿ ಇಟ್ಟೀನಿ."

ಹುಡುಗಿ ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡಳು. ಗ್ರಾಹಕರ ಕುಟುಂಬವು ಸಂತೋಷದಿಂದ ದೃಢಪಡಿಸಿದೆ ಎಂದು ಕೆಳಗೆ ಷರಾ ಹಾಕಿದಳು. ಸಂಜೆ ಶಂಕರಲಿಂಗನ ಮೊಬೈಲಿಗೆ ಸಂದೇಶ ಬಂತು: "ಅಭಿನಂದನೆಗಳು. ತಮ್ಮ ಸಾಲವನ್ನು ಹೆಚ್ಚಿಸಲಾಗಿದೆ."

ಅವನಿಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಮಾಡುವುದು? ಅವ್ವ ಸುಳ್ಳು ಹೇಳಿರಲಿಲ್ಲ. ಆಕೆ ಅವನ ಮುಖ ನೋಡಿ, ಯಾಕ ಹಿಂಗ ಕುಂತೀದಿ, ಊಟಕ್ಕ ಏಳು ಅಂದಳು. ಅನ್ನ ಹೆಚ್ಚಾಗಿತ್ತು, ರೊಟ್ಟಿ ತಿಂದು ಮಲಗಿದ.

ಮರುದಿನ ಹುಮನಾಬಾದಿಗೆ ಹೋಗಿ ದಿಗಂಬರನ ಮುಂದೆ ಮೊಬೈಲು ಹಿಡಿದ. ದಿಗಂಬರ ಓದಿದ ತಕ್ಷಣ ಎಲ್ಲ ಅರ್ಥ ಮಾಡಿಕೊಂಡ. ಅವನ ಮನೆಯಲ್ಲೂ ಅಂದು ಬೆಳಿಗ್ಗೆ ಸಕ್ಕರೆ ಹೆಚ್ಚಾಗಿತ್ತು.

"ನನಗ ತಿಳೀತದ್ರಿ. ಆದ್ರ ಕಂಪ್ಯೂಟರ್ ನಮ್ಮ ಕಡೀದಲ್ಲ" ಎಂದ.

ಆಮೇಲೆ ನಿಯಮಗಳನ್ನು ತಿರುವಿ ಹಾಕಿದ. ಒಮ್ಮೆ ಹೆಚ್ಚಾದ ಸಾಲವನ್ನು ಮರುಪಾವತಿಯ ಮೂಲಕವಲ್ಲದೆ ಬೇರೆ ಯಾವ ರೀತಿಯಲ್ಲೂ ಕಡಿಮೆ ಮಾಡತಕ್ಕದ್ದಲ್ಲ. ಎಷ್ಟು ಹೆಚ್ಚಾಯಿತೆಂದು ಹುಡುಗಿ ಕೇಳಿರಲಿಲ್ಲವಾದ್ದರಿಂದ ಸದರಿ ಮೊತ್ತವು ಸೊನ್ನೆ. ಸೊನ್ನೆಯನ್ನು ಮಾಸಿಕ ಕಂತುಗಳಲ್ಲಿ, ಗ್ರಾಹಕರು ಖುದ್ದಾಗಿ ಹಾಜರಾಗಿ ಕಟ್ಟತಕ್ಕದ್ದು.

ಶಂಕರಲಿಂಗ ಇಡೀ ಸೊನ್ನೆಯನ್ನು ಈಗಲೇ ಒಂದೇ ಸಲಕ್ಕೆ ಕಟ್ಟಿಬಿಡುತ್ತೇನೆಂದ. ದಿಗಂಬರ ತಲೆಯಾಡಿಸಿದ. "ಮುಂಚೇನೇ ತೀರಿಸಿದ್ರ ದಂಡ ಅದರಿ. ದಂಡ ಮಾತ್ರ ಸೊನ್ನಿ ಅಲ್ಲ."

ಹೀಗಾಗಿ ಶಂಕರಲಿಂಗ ಪ್ರತಿ ತಿಂಗಳು ಅಂಗಡಿ ಬಿಟ್ಟು, ಬಸ್ಸು ಹತ್ತಿ, ಹುಮನಾಬಾದಿಗೆ ಹೋಗಿ ಸೊನ್ನೆ ಕಟ್ಟತೊಡಗಿದ. ಬಸ್ಸಿನ ಟಿಕೆಟ್ಟಿಗೆ ಮಾತ್ರ ನಿಜವಾದ ದುಡ್ಡು ಬೇಕಿತ್ತು. ದಿಗಂಬರ ಪ್ರತಿ ಸಲವೂ ರಸೀದಿ ಹರಿದುಕೊಟ್ಟ. ಒಮ್ಮೆ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಶಂಕರಲಿಂಗ ಲಾರಿಯವನಿಗೆ ಕೈಮುಗಿದು, ಕಚೇರಿ ಬಾಗಿಲು ಹಾಕುವ ಮೊದಲೇ ಹೋಗಿ ತಲುಪಿದ. ಎಂದೂ ಕಂತು ತಪ್ಪಿಸದವನು ಸೊನ್ನೆಯ ವಿಷಯದಲ್ಲಿ ಮಾನ ಕಳೆದುಕೊಳ್ಳಲು ಸಿದ್ಧನಿರಲಿಲ್ಲ.

ರಮ್ಜಾನ್ ತಿಂಗಳು ಶುರುವಾಯಿತು. ಹಜಿರಾ ಬೀ ಸಾಮಾನು ಕಟ್ಟತೊಡಗಿದಳು. ಮೊಬೈಲ್ ಅಂಗಡಿಯವನು ಬಂದು ಗೋಡೆಗೆ ಯಾವ ಬಣ್ಣ ಬಳಿಯಬೇಕೆಂದು ನೋಡಿಕೊಂಡು ಹೋದ. ಅವನು ಚೌಕಟ್ಟಿನ ತೂತುಗಳಿಗೆ ಬೆರಳಿಟ್ಟು, ಇದನ್ನು ಕಿತ್ತು ಹಾಕಬೇಕು ಎಂದ. ಶಂಕರಲಿಂಗ ಹೊಲಿಗೆ ಅರ್ಧಕ್ಕೆ ಬಿಟ್ಟು ಮತ್ತೊಮ್ಮೆ ಬ್ಯಾಂಕಿಗೆ ಹೋದ.

ವರ್ಷಾ ಹೊಸ ವರದಿ ತೆಗೆದರು. ಈ ಸಲ ಅವರ ಮುಖ ಅರಳಿತು. ಸೆಟಲ್ಡ್ ಎಂಬ ಮಾತು ಮಾಯವಾಗಿತ್ತು. ಚಾಲ್ತಿ ಸಾಲ ಇದೆ, ಸಾಲ ಕೊಟ್ಟವರೇ ನಂಬಿ ಹೆಚ್ಚಿಸಿದ್ದಾರೆ, ಒಂದು ಕಂತೂ ತಡವಾಗಿಲ್ಲ. ಅಂಕವೂ ಏರಿತ್ತು. ಶಂಕರಲಿಂಗ ಪ್ರಾಮಾಣಿಕ. ಆ ಸಾಲ ಇಲ್ಲವೇ ಇಲ್ಲ ಮೇಡಂ, ಬರೀ ಸೊನ್ನೆ ಎಂದು ಬಾಯಿಬಿಟ್ಟ. ವರ್ಷಾ ಸಾಲದ ಅರ್ಜಿಗೆ ಸಹಿ ಹಾಕುತ್ತಲೇ ಹೇಳಿದರು:

"ಅದನ್ನ ಮಾತ್ರ ತೀರಿಸಬೇಡಿ. ನಿಮ್ಮ ಹೆಸರು ನಿಂತಿರುವುದೇ ಅದರ ಮೇಲೆ."

ಈದ್ ಹಬ್ಬದ ಮುನ್ನಾದಿನ ಜಾಗ ಶಂಕರಲಿಂಗನ ಹೆಸರಿಗಾಯಿತು. ಹಜಿರಾ ಬೀ ಕೀಲಿಕೈ ಕೊಟ್ಟು, ಚೌಕಟ್ಟನ್ನೊಮ್ಮೆ ಸವರಿ, ಆಟೊ ಹತ್ತಿದಳು. ಅವನಿಗೆ ಕಣ್ಣು ತುಂಬಿ ಬಂತು. ತುಳಜಾಬಾಯಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಬಾಯಲ್ಲಿ ಒಳ್ಳೆಯ ಮಾತಿದ್ದರೆ ಹೀಗೇ ಆಗುವುದು, ನೀನೂ ಸೆಟಲ್ ಪಟಲ್ ಅನ್ನುವ ಬದಲು ಅಂದೇ ಹೆಚ್ಚಾಯಿತು ಅಂದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಎಂದಳು.

ಸುದ್ದಿ ನಿಲ್ಲಲಿಲ್ಲ. ಮನ್ನಾಏಖೇಳ್ಳಿಯಿಂದ, ಬೇಮಳಖೇಡದಿಂದ ಜನ ಬಂದು ತಮ್ಮ ತೀರಿದ ಸಾಲಗಳನ್ನೂ ಹೆಚ್ಚು ಮಾಡಿಕೊಡಲು ಅರ್ಜಿ ಹಾಕಿದರು. ಶೀಘ್ರಫಲ ಫೈನಾನ್ಸ್ ಇದಕ್ಕೊಂದು ಪ್ರತ್ಯೇಕ ಕಿಟಕಿ ತೆರೆದು, ಅದರ ಮೇಲೆ ಪ್ರಕಟಣೆ ಅಂಟಿಸಿತು: "ಸೊನ್ನೆ ಕಂತು ಕಟ್ಟುವವರು ದಯವಿಟ್ಟು ಸರಿಯಾದ ಚಿಲ್ಲರೆ ತರುವುದು."

ಹೋದ ತಿಂಗಳು ಶಂಕರಲಿಂಗ ಆ ಕಿಟಕಿಯ ಮುಂದೆ ಸರದಿಯಲ್ಲಿದ್ದ. ಅವನ ಮುಂದೆ ನಿಂತಿದ್ದವನು ಬೇಮಳಖೇಡದ ಪಂಡರಿ, ಎಮ್ಮೆ ಕಟ್ಟಿಕೊಂಡು ಹಾಲು ಮಾರುವವನು. ತನ್ನ ಸರದಿ ಬಂದಾಗ ಪಂಡರಿ ಜೇಬು ತಡಕಿ, ಮುಖ ಸಪ್ಪಗೆ ಮಾಡಿ ತಿರುಗಿದ.

"ಈ ತಿಂಗಳ ಭಾಳ ತ್ರಾಸ ಅದರಿ ಅಣ್ಣಾರ. ಕಂತು ಕಟ್ಟೂದು ಆಗಾಕತ್ತಿಲ್ಲ."

ಸಾಲದಲ್ಲಿ ಹೆಸರು ಕೆಡುವುದು ಎಂಥ ಸಂಕಟವೆಂದು ಶಂಕರಲಿಂಗನಿಗೆ ಗೊತ್ತಿತ್ತು. ಅವನು ಪಂಡರಿಯ ಹೆಗಲ ಮೇಲೆ ಕೈಯಿಟ್ಟು, "ನಾ ಕಟ್ತೀನಿ ತಗೋರಿ. ಮುಂದಿನ ತಿಂಗಳ ಕೊಡ್ರಿ" ಎಂದ. ಪಂಡರಿ ಕೈಮುಗಿದ. ದಿಗಂಬರ ಎರಡು ರಸೀದಿ ಬೇರೆ ಬೇರೆ ಹರಿದುಕೊಟ್ಟು, ಮುಂದಿನವರನ್ನು ಕರೆದ.