ಬಿಟ್ಟ ಕೀಲಿ

ಕೋಟೇಶ್ವರದ ಹತ್ತಿರದ ಮೀನುಗಾರರ ಸಹಕಾರ ಸಂಘದ ಏಕೈಕ ಕಂಪ್ಯೂಟರು ಯಾವ ಕಳ್ಳನೂ ತೆರೆಯಲಾರದಷ್ಟು ಭದ್ರವಾಗಿದೆ ಎಂಬುದು ದಾಖಲೆಯಲ್ಲಿರುವ ಸತ್ಯ.

ಮೇಲಿನಿಂದ ಸುತ್ತೋಲೆ ಬಂದಿತ್ತು: "ಸದಸ್ಯರ ವಿವರ ಕಳವಾಗದಂತೆ ಕಂಪ್ಯೂಟರಿನ ಡಿಸ್ಕಿಗೆ ೧೨೮ ಬಿಟ್ ಅಥವಾ ೨೫೬ ಬಿಟ್ ಕೀಲಿ ಹಾಕತಕ್ಕದ್ದು. ಗಾತ್ರವನ್ನು ಆಡಳಿತ ಮಂಡಳಿಯೇ ನಿರ್ಣಯಿಸತಕ್ಕದ್ದು." ತಪಾಸಣೆಯಲ್ಲಿ ಪಾಸಾದರೆ ಗುಮಾಸ್ತೆ ತುಂಗಾಳ ನೌಕರಿ ಕಾಯಂ, ಇಲ್ಲವಾದರೆ ಮನೆಗೆ. ಆಕೆ ಹಟ್ಟಿಯಂಗಡಿ ವಿನಾಯಕನಿಗೆ ಒಂದು ಕಾಯಿಯ ಹರಕೆ ಹೇಳಿಕೊಂಡೇ ಸಭೆಗೆ ಕೂತಳು.

ಅಧ್ಯಕ್ಷ ಸುಬ್ಬಣ್ಣ ಸುತ್ತೋಲೆಯನ್ನು ಮತ್ತೆ ಮತ್ತೆ ಓದಿಸಿದರು. "ಇದ್ರಗೆ ಕಷ್ಟ ಎಂತ ಇತ್ತ್? ನೂರಿಪ್ಪತ್ತೆಂಟ್ ಬಿಟ್. ಇನ್ನೂರೈವತ್ತಾರೂ ಬಿಟ್. ಸರ್ಕಾರವೇ ಬಿಡಿ ಅಂಬತ್ತ್."

"ಸುಬ್ಬಣ್ಣ, ಬಿಟ್ ಅಂದ್ರೆ ಬಿಡೂದಲ್ಲ. ಅದೊಂದ್ ಅಳತಿ. ದೊಡ್ಡದ್ ಹಾಕ್ರೆ ಹೆಚ್ಚ್ ಭದ್ರ" ಎಂದಳು ತುಂಗಾ.

"ಅಳತಿಗೆ ಮೊಳ ಅಂಬ್ರ್, ಸೇರ್ ಅಂಬ್ರ್. ಬಿಟ್ ಅಂಬ್ರಾ? ಹ್ವಾಯ್ ಸುಧೀರ, ನೀ ಬೊಂಬಾಯಗೆ ಇದ್ದವ, ಹೇಳ್ ಕಾಂಬ."

ನಿರ್ದೇಶಕ ಸುಧೀರ್ ಗಂಭೀರವಾಗಿ ಯೋಚಿಸಿ ಹೇಳಿದ, "ಅಲ್ಲೂ ಬಿಟ್ ಅಂದ್ರೆ ಬಿಟ್ಟದ್ದೇ. ನಾ ಬಿಟ್ ಬಂದದ್ದಲ್ದಾ?"

೧೨೮ನ್ನೂ ೨೫೬ನ್ನೂ ಬಿಟ್ಟು ಉಳಿದ ಕೀಲಿಯನ್ನು ಹಾಕತಕ್ಕದ್ದೆಂದು ಸರ್ವಾನುಮತದ ನಿರ್ಣಯವಾಯಿತು. ಕಂಪ್ಯೂಟರು ಕೊಡುತ್ತಿದ್ದ ಆಯ್ಕೆಗಳೇ ಆ ಎರಡು. ನಿರ್ಣಯ ಮೀರುವ ಹಕ್ಕು ಗುಮಾಸ್ತೆಗಿಲ್ಲ. ಉಳಿದದ್ದನ್ನು, ಅಂದರೆ ಏನೂ ಇಲ್ಲದ್ದನ್ನು, ತುಂಗಾ ಶ್ರದ್ಧೆಯಿಂದ ಹಾಕಿದಳು.

ಕುಂದಾಪುರದಿಂದ ತಪಾಸಣಾಧಿಕಾರಿ ವಿಜೇತಾ ಬಂದರು.

"ಕೀಲಿ ಯಾರ ಹತ್ತಿರ ಇದೆ?"

"ಯಾರ ಹತ್ರವೂ ಇಲ್ಲ, ಮೇಡಂ," ಎಂದಳು ತುಂಗಾ. ಅದು ಸುಳ್ಳಲ್ಲ.

"ಎಲ್ಲಾದರೂ ಬರೆದಿಟ್ಟಿದ್ದೀರಾ?"

"ಎಲ್ಲೂ ಇಲ್ಲ."

"ಅಧ್ಯಕ್ಷರಿಗೆ?"

"ನಂಗೇ ಗೊತ್ತಿಲ್ಲೆ," ಎಂದರು ಸುಬ್ಬಣ್ಣ, ಎದೆ ಮುಂದೆ ಮಾಡಿ.

ಅಧಿಕಾರಿಯ ಮುಖ ಅರಳಿತು. ಉಳಿದ ಸಂಘಗಳಲ್ಲಿ ಕೀಲಿಯನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದ್ದರು. ಇಷ್ಟು ಗೌಪ್ಯತೆ ಎಲ್ಲೂ ಕಂಡಿಲ್ಲವೆಂದು ಷರಾ ಬರೆಯತೊಡಗಿದರು.

ದೇವರಿಗೆ ಕಾಯಿ ಹೇಳಿಕೊಂಡ ಜೀವ, ತುಂಗಾಳಿಗೆ ತಡೆಯಲಿಲ್ಲ. "ಮೇಡಂ, ಬೀಗವೇ..."

"ಕಾಯಂ ಆಪ್ದ್ ಬ್ಯಾಡ್ದಾ, ತಂಗಿ?" ಸುಬ್ಬಣ್ಣ ಮೆಲ್ಲಗೆ ಕೇಳಿದರು.

"...ಬೀಗವೇ ಕಾಣೂದಿಲ್ಲ."

"ಕಾಣಲೂಬಾರದು," ಎಂದು ಅಧಿಕಾರಿ ಸಹಿ ಹಾಕಿದರು.

ತುಂಗಾ ಕಾಯಂ ಆದಳು. ವಿನಾಯಕನಿಗೆ ಒಂದರ ಬದಲು ಎರಡು ಕಾಯಿ ಒಡೆಸಿದಳು. ಎರಡನೆಯದು ಯಾತಕ್ಕೆಂದು ಭಟ್ಟರು ಕೇಳಲಿಲ್ಲ. ಬೈಂದೂರು, ಬ್ರಹ್ಮಾವರದ ಕಡೆಯ ಸಂಘದವರು ಬಂದು ಬಿಟ್ ಪದ್ಧತಿಯನ್ನು ಅಭ್ಯಾಸ ಮಾಡಿ, ಚಾ ಕುಡಿದು, ತಮ್ಮ ಕೀಲಿಗಳನ್ನೂ ಬಿಟ್ಟರು.

ಮುಂದಿನ ಸಭೆಯಲ್ಲಿ ಇನ್ನೊಂದು ನಿರ್ಣಯವಾಯಿತು: "ಮುಂದೆ ೫೧೨ ಬಿಟ್ ಬಂದಲ್ಲಿ ಅದನ್ನೂ ಬಿಡತಕ್ಕದ್ದು." ಕಾಯಂ ಗುಮಾಸ್ತೆ ತುಂಗಾ ಅದನ್ನು ದುಂಡಗೆ ಬರೆದು, ಓದಿ ಹೇಳಿ, ಎಲ್ಲರ ಸಹಿ ಪಡೆದಳು.