ಅನ್ವರವ್ವ ಎಂಬ ಅನ್ವರ್ಥನಾಮ

ನನ್ನ ಹೆಂಡತಿಯ ಹೆಸರು ಅನ್ವರವ್ವ. ಇದನ್ನು ಓದಿದ ಕೂಡಲೇ ನೀವು ಒಮ್ಮೆ ನಿಂತು, ಮತ್ತೆ ಮೊದಲಿನಿಂದ ಓದಿದಿರಿ, ಹೌದಲ್ಲವೇ? ಕಳೆದ ಮೂವತ್ತನಾಲ್ಕು ವರ್ಷಗಳಿಂದ ಎಲ್ಲರೂ ಇದನ್ನೇ ಮಾಡುತ್ತಿದ್ದಾರೆ. ಹೆಸರು ಬರೆದುಕೊಳ್ಳುವವರು "ಏನಂದ್ರೀ?" ಎಂದು ಕನ್ನಡಕ ಸರಿಪಡಿಸಿಕೊಂಡು ತಮಗೆ ತೋಚಿದ್ದನ್ನು ಬರೆದುಬಿಡುತ್ತಾರೆ. ಹೀಗಾಗಿ ಆಕೆ ಒಂದು ಕಾಗದದಲ್ಲಿ ಅಮರವ್ವ, ಇನ್ನೊಂದರಲ್ಲಿ ಅನಸವ್ವ, ಮತ್ತೊಂದರಲ್ಲಿ ಅಂಬವ್ವ. ದಾಖಲೆಗಳ ಪ್ರಕಾರ ನಾನು ಮೂವರು ಹೆಂಡಿರ ಗಂಡ. (ಒಬ್ಬಳ ಮುಂದೆಯೇ ನನ್ನ ಬಾಯಿ ಏಳುವುದಿಲ್ಲ ಎಂಬುದು ಯಾವ ದಾಖಲೆಯಲ್ಲೂ ಇಲ್ಲ.)

ನನ್ನ ಹೆಸರಿಗೆ ಆ ಭಾಗ್ಯವೂ ಇಲ್ಲ. ನಾನು ಸಂಗಪ್ಪ. ನಮ್ಮ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ನಿಂತು "ಸಂಗಪ್ಪಾ" ಎಂದು ಕೂಗಿದರೆ ಒಂಬತ್ತು ಜನ ತಿರುಗಿ ನೋಡುತ್ತಾರೆ. ಬಸ್ಸಿನ ಡ್ರೈವರೂ ಸಂಗಪ್ಪನಾಗಿದ್ದರೆ ಬಸ್ಸೂ ನಿಲ್ಲುತ್ತದೆ.

ಹೋದ ತಿಂಗಳು ಕಿತ್ತೂರಿನ ನಮ್ಮ ನಿವೃತ್ತ ಶಿಕ್ಷಕರ ಬಳಗದಿಂದ ಫೋನು ಬಂತು. ಬಳಗದ ಅಧ್ಯಕ್ಷ ಮಡಿವಾಳೆಪ್ಪ ಗಣಿತದ ಮಾಸ್ತರ, ನನ್ನ ಹಳೆಯ ಗೆಳೆಯ.

"ಸಂಗಪ್ಪ ಸರ್, ಈ ಸಲದ ಉಪನ್ಯಾಸ ನಿಮ್ದು. ಆದ್ರ ಹೋದ ವರ್ಷದ್ಹಂಗ ಸಂಧಿ ಸಮಾಸ ಬ್ಯಾಡ್ರಿ. ಅರ್ಧಾ ಮಂದಿ ಮಕ್ಕೊಂಡಿದ್ರು."

ಅವನಿಗೆ ಉತ್ತರ ಕೊಡುವಷ್ಟರಲ್ಲಿ ಹೊರಗೆ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದು, "ಅನಸವ್ವ ಅಂದ್ರ ಯಾರ್ರೀ?" ಎಂದು ಕೂಗಿದ. ಆ ಕ್ಷಣವೇ ನನಗೆ ಜ್ಞಾನೋದಯವಾಯಿತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನಾನು, ಮನೆಯೊಳಗೇ ಇರುವ ಇಂಥ ಅಪೂರ್ವ ಪದವನ್ನು ಬಿಟ್ಟು ಊರಿಗೆಲ್ಲ ವ್ಯಾಕರಣ ಹೇಳುತ್ತ ಬಂದಿದ್ದೆ! ಮಡಿವಾಳೆಪ್ಪನಿಗೆ ಫೋನಿನಲ್ಲೇ ವಿಷಯ ಸಾರಿದೆ: "ಅನ್ವರವ್ವ: ಒಂದು ಅಪರೂಪದ ಹೆಸರಿನ ಮೂಲ, ಅರ್ಥ ಮತ್ತು ಜನಪ್ರಿಯತೆ."

"ವೈನಿಯವರ ಹೆಸರ ಮ್ಯಾಲೆ? ಹಂಗಾದ್ರ ಅವರನ್ನೂ ಕರಕೊಂಡ ಬರ್ರಿ" ಎಂದ ಮಡಿವಾಳೆಪ್ಪ.

ಸಂಶೋಧನೆಗೆ ಮೊದಲು ಮಗಳು ಸ್ನೇಹಲ್‌ಳ ನೆರವು ಪಡೆದೆ. ಧಾರವಾಡದಲ್ಲಿ ಕೆಲಸ ಮಾಡುವ ಆಕೆ ರಜೆಗೆಂದು ಬಂದಿದ್ದಳು. ಹೆಸರುಗಳ ಅರ್ಥ ಹೇಳುವ ಯಾವುದೋ ತಾಣವನ್ನು ಮೊಬೈಲಿನಲ್ಲಿ ತೆರೆದು ಓದಿದಳು. "ಮೂಲ: ಗೊತ್ತಿಲ್ಲ. ಅರ್ಥ: ಗೊತ್ತಿಲ್ಲ. ಜನಪ್ರಿಯತೆ: ಸೊನ್ನೆ. ಅದೃಷ್ಟದ ಸಂಖ್ಯೆ: ಏಳು." (ಹೆಸರೇ ಗೊತ್ತಿಲ್ಲದವರಿಗೆ ಅದರ ಅದೃಷ್ಟ ಹೇಗೆ ಗೊತ್ತಾಯಿತೋ ನಾನರಿಯೆ.)

"ಅಪ್ಪಾ, ಅನ್ವರ ಅಂದ್ರ ಮುಸಲ್ಮಾನರ ಹೆಸರಲ್ಲೇನು?" ಎಂದಳು ಸ್ನೇಹಲ್.

"ಅದು ಸಾಮಾನ್ಯರ ಕಿವಿಗೆ ಕೇಳೂದು. ಸಂಶೋಧಕನ ಕಿವಿ ಬ್ಯಾರೇನ ಇರತೈತಿ."

"ಅವ್ವನ್ನ ಕೇಳಿದ್ರ ಮುಗೀತಲ್ಲ?"

ನಾನು ಕನಿಕರದಿಂದ ನಕ್ಕೆ. "ಹೂವಿನ ಬಗ್ಗೆ ಬರಿಯಾಂವಾ ಹೂವನ್ನ ಕೇಳ್ತಾನೇನವಾ?"

ಅಡಿಗೆಮನೆಯಿಂದ ಧ್ವನಿ ಬಂತು. "ಹೂವಿಗೆ ಬಾಯಿ ಇರೂದಿಲ್ರಿ. ನನಗ ಐತಿ."

"ಅದು ಮೂವತ್ನಾಕ ವರ್ಷದಿಂದ ಗೊತ್ತೈತಿ. ನೀ ಸುಮ್ಮನಿರು. ನೀ ಹೇಳಿದ್ರ ನನ್ನ ಸಂಶೋಧನಾ ಕೆಡತೈತಿ."

ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಯಿತು.

ಮೂರನೆಯ ದಿನ ನಿಘಂಟಿನ "ಅ" ಭಾಗವನ್ನು ಉಳುತ್ತಿದ್ದಾಗ ನಿಧಿ ಸಿಕ್ಕಿತು. ಅನ್ವರ್ಥ! ಅರ್ಥಕ್ಕೆ ತಕ್ಕಂತಿರುವುದು. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಸಾವಿರಾರು ಮಕ್ಕಳಿಂದ ಬಾಯಿಪಾಠ ಮಾಡಿಸಿದ ನನಗೇ ಇದು ಹೊಳೆದಿರಲಿಲ್ಲವಲ್ಲ! ಅನ್ವರ್ಥ ಕೂಡಿಸು ಅವ್ವ. ಹಳ್ಳಿಗರ ಬಾಯಲ್ಲಿ ಥಕಾರ ಸವೆದು ಅನ್ವರವ್ವ. ಅಂದರೆ ಹೆಸರಿಗೆ ತಕ್ಕ ಹೆಣ್ಣು. ಹೆಸರಿನ ಅರ್ಥವೇ "ಅರ್ಥಕ್ಕೆ ತಕ್ಕ ಹೆಸರು" ಎಂದಾಗುವ ಇಂಥ ಹೆಸರು ಭೂಮಂಡಲದಲ್ಲಿ ಇನ್ನೆಲ್ಲಿದ್ದೀತು? ಹದಿನೇಳು ಪುಟ ಬರೆದೆ. ಒಂದು ಪುಟ ಥಕಾರಕ್ಕೇ ಹೋಯಿತು.

ಭಾನುವಾರ ಬೆಳಿಗ್ಗೆ ಇಬ್ಬರೂ ಕಿತ್ತೂರಿಗೆ ಹೋದೆವು. ಅನ್ವರವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬಳಗದ ಕೋಣೆಯಲ್ಲಿ ಇಪ್ಪತ್ತಮೂರು ನಿವೃತ್ತ ಶಿಕ್ಷಕರು ಕುಳಿತಿದ್ದರು. ಒಂದೂಕಾಲು ತಾಸು ಓದಿದೆ. ಯಾರೂ ಮಲಗಲಿಲ್ಲ. ಉಪನ್ಯಾಸದ ನಾಯಕಿಯೇ ಮುಂದೆ ಕುಳಿತಿದ್ದರಿಂದ ಎಲ್ಲರೂ ಒಮ್ಮೆ ನನ್ನನ್ನು, ಒಮ್ಮೆ ಆಕೆಯನ್ನು ನೋಡುತ್ತಿದ್ದರು. ಕೊನೆಗೆ ನಾನು ಧ್ವನಿ ಏರಿಸಿ, "ಆದ್ದರಿಂದ ಅನ್ವರವ್ವ ಎಂಬುದು ಪ್ರಾಚೀನವೂ ಶುದ್ಧವೂ ಆದ ಅನ್ವರ್ಥನಾಮವೆಂದು ನಿರ್ವಿವಾದವಾಗಿ ಸಿದ್ಧವಾಗುತ್ತದೆ" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಮಡಿವಾಳೆಪ್ಪ ಶಾಲು ಹಿಡಿದು ಎದ್ದ. ನಾನು ಕೊರಳನ್ನು ತುಸು ಮುಂದೆ ಚಾಚಿದೆ.

ಆಗ ಅವನಿಗೆ ಸೌಜನ್ಯ ನೆನಪಾಗಬೇಕೇ? "ಶಾಲು ಹಾಕೂಕಿಂತ ಮೊದಲ ವೈನಿಯವರೂ ನಾಕ ಮಾತ ಆಡ್ಲಿ" ಎಂದ.

ಅನ್ವರವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಜನರೆದುರು ಮಾತಾಡಿ ರೂಢಿಯಿಲ್ಲದವಳು, ಎರಡು ಮಾತಿಗೇ ಕುಳಿತಾಳೆಂದು ನಾನು ಸಮಾಧಾನದಿಂದಿದ್ದೆ.

"ಸರ್ ಭಾಳ ಛಲೋ ಹೇಳಿದ್ರು. ಆದ್ರ ನಾ ಹುಟ್ಟಿದ್ದು ನಿಘಂಟಿನ್ಯಾಗ ಅಲ್ರಿ, ರಾಮದುರ್ಗದಾಗ ಒಂದ ಬಳಿ ಅಂಗಡ್ಯಾಗ" ಎಂದಳು.

ಇಪ್ಪತ್ತಮೂರು ಕುರ್ಚಿಗಳೂ ಒಮ್ಮೆಲೇ ಕಿರುಗುಟ್ಟಿದವು.

"ನಮ್ಮವ್ವ ತುಂಬಿದ ಬಸರಿ. ಅಂಥಾದ್ರಾಗ ಕೈಗೆ ಬಳಿ ಇಟಗೋಬೇಕಂತ ಸಂತಿಗೆ ಬಂದಿದ್ಲು. ಮುರ್ತುಜಾಸಾಬರ ಅಂಗಡಿಮುಂದ ಬ್ಯಾನಿ ಸುರುವಾತು. ಅವರ ಹೇಣ್ತಿ ಅನ್ವರಬಿ ಒಳಗ ಕರಕೊಂಡ್ಲು. ಅಕಿನೂ ಆಗ ಹೊಸದಾಗಿ ಗಂಡನ ಮನಿಗೆ ನಡಿಯಾಕ ಬಂದ ಹುಡುಗಿ, ಹೆರಿಗಿ ಕಣ್ಣಿಲೆ ಕಂಡಿರಲಿಲ್ಲ. ಸೂಲಗಿತ್ತಿ ಬರೂದ್ರಾಗ ನಾ ಬಂದಬಿಟ್ಟೆ. ಅಳಲಿಲ್ಲ, ಉಸರ ಆಡಲಿಲ್ಲ. ಅನ್ವರಬಿಗೆ ಅಂಜಿಕಿಯಾಗಿ ಕೈಯಾಗಿನ ಹಿತ್ತಾಳಿ ತಾಟ ಜಾರಿ ಫರಸಿಮ್ಯಾಲೆ ಬಿತ್ತು. ಆ ಸಪ್ಪಳಕ್ಕ ನಾ ಚಿಟ್ಟನ ಚೀರಿದೆ."

ಇಡೀ ಕೋಣೆ ನಕ್ಕಿತು. ಅನ್ವರವ್ವನೂ ನಕ್ಕಳು.

"ನಮ್ಮಪ್ಪ ಅವತ್ತ ಹೇಳಿದ್ನಂತ, ಉಸರ ಕೊಟ್ಟಾಕಿ ಹೆಸರ ಇಡತೇನಿ ಅಂತ. ಹಿರೇರು ತಕರಾರ ತಗದ್ರು. ಅದಕ್ಕ ಒಂದ 'ಅವ್ವ' ಕೂಡಿಸಿದಾ, ಎಲ್ಲಾರೂ ಸುಮ್ಮನಾದ್ರು. ಮೂಲ ಇದ ನೋಡ್ರಿ, ಹಿತ್ತಾಳಿ ತಾಟು. ಅರ್ಥ ಬೆಳಕಂತ. ಜನಪ್ರಿಯತಾ ಎರಡು. ಒಂದ ನಾನು, ಇನ್ನೊಂದ ರಾಮದುರ್ಗದಾಗ ಐತಿ."

ಯಾರೋ ಹಿಂದಿನಿಂದ, "ಇದು ಸರ್‌ಗೆ ಗೊತ್ತಿರಲಿಲ್ಲೇನ್ರಿ?" ಎಂದು ಕೇಳಿದರು. (ಅವರು ಇತಿಹಾಸದ ಮಾಸ್ತರ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅದೇ ಅವರಿಗೆ ಶಿಕ್ಷೆ.)

"ಹೆಣ್ಣ ನೋಡಾಕ ಬಂದಾಗ ನಮ್ಮಪ್ಪ ಅರ್ಧಾ ತಾಸ ಕೂತು ಎಲ್ಲಾ ಹೇಳಿದ್ದಾ. ಸರ್ ಸೂಸಲಾ ತಿನ್ನಾಕ ಹತ್ತಿದ್ರು" ಎಂದಳು ನನ್ನಾಕೆ. ಧ್ವನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಹೌದು, ಆ ಮಂಡಕ್ಕಿಯ ಸೂಸಲಾ ನನಗೆ ಚೆನ್ನಾಗಿ ನೆನಪಿದೆ. ಮೇಲೆ ಹುರಿಗಡಲೆ ಪುಡಿ ಉದುರಿಸಿದ್ದರು. ಮಾವನವರು ಏನೋ ಹೇಳುತ್ತಿದ್ದದ್ದೂ ನೆನಪಿದೆ. ಏನು ಎಂಬುದೊಂದೇ ನೆನಪಿಲ್ಲ. ಹದಿನೇಳು ಪುಟಗಳನ್ನು ಮಡಿಚಿ ಕಿಸೆಗೆ ಹಾಕಲು ನೋಡಿದೆ. ಅವೂ ಅದರಲ್ಲಿ ಹಿಡಿಯಲಿಲ್ಲ. ಮಡಿವಾಳೆಪ್ಪ ಶಾಲು ಹಿಡಿದುಕೊಂಡು ನನ್ನನ್ನು ದಾಟಿ ಹೋಗಿ ಆಕೆಗೆ ಹೊದಿಸಿದ.

ಬಸ್ಸಿನಲ್ಲಿ ನನ್ನ ಕಣ್ಣು ಆಕೆಯ ಕೈಬಳೆಗಳ ಮೇಲೆ ಬಿತ್ತು. ಆಮೇಲೆ ಕೇಳಿದೆ. "ಪ್ರತಿ ವರ್ಷ ನಾಗರಪಂಚಮಿ ಮುಂದ ಬಳಿ ಇಟಗೋಳಾಕ ರಾಮದುರ್ಗಕ್ಕ ಹೋಗ್ತಿ. ಅದು ಅಲ್ಲೇ ಏನು?"

"ಮತ್ತೆಲ್ಲೆ?"

ವರ್ಷವೂ ಸವದತ್ತಿಗೊಂದು ಬಸ್ಸು, ಅಲ್ಲಿಂದ ರಾಮದುರ್ಗಕ್ಕೆ ಇನ್ನೊಂದು. ಬೈಲಹೊಂಗಲದಾಗ ಬಳಿ ಸಿಗೂದಿಲ್ಲೇನು ಎಂದು ನಾನು ದಾರಿಯುದ್ದಕ್ಕೂ ಗೊಣಗುವುದು. ಆಕೆ ಬಳೆ ಅಂಗಡಿಯ ಒಳಗೆ ಹೋದರೆ ನಾನು ಎದುರಿನ ಚಹಾದಂಗಡಿಯಲ್ಲಿ ಪೇಪರು ಬಿಡಿಸಿ ಕೂಡುವುದು. ಆಕೆ ತಾಸುಗಟ್ಟಲೆ ಬರುತ್ತಿರಲಿಲ್ಲ. ಬಳೆಯ ಚೌಕಾಶಿ ನಡೆದಿದೆ ಎಂದುಕೊಳ್ಳುತ್ತಿದ್ದೆ.

"ಒಂದ ಸಲನಾದ್ರೂ ಹೇಳಬಾರದೇನು?"

"ನಿಮಗ ಗೊತ್ತೈತಿ, ಆದ್ರೂ ಒಳಗ ಬರಾಕ ಮನಸ್ಸಿಲ್ಲ ಅಂದ್ಕೊಂಡಿದ್ದೆ. ಅನ್ವರಬಿ ಅಜ್ಜಿ ಪ್ರತಿ ವರ್ಷ ಕೇಳ್ತಾಳ, ಅಳಿಯಾ ಯಾಕ ಬರೂದಿಲ್ಲಂತ. ಅವರಿಗೆ ಚಹಾ ಅಂದ್ರ ಭಾಳ ಪ್ರೀತಿ ಅಂತ ಹೇಳ್ತಿದ್ದೆ."

ಅಷ್ಟು ವರ್ಷ ಆಕೆ ನನ್ನ ಮರ್ಯಾದೆಯನ್ನು ಚಹಾದ ಮೇಲೆ ಹಾಕಿ ಕಾಪಾಡಿದ್ದಳು. ಕಿಟಕಿಯ ಕಡೆ ಮುಖ ತಿರುಗಿಸಿ, "ನಾಳೆ ರಾಮದುರ್ಗಕ್ಕ ಹೋಗೂನು" ಎಂದೆ.

"ಪಂಚಮಿ ಇನ್ನೂ ದೂರ ಐತ್ರಿ."

"ಇರ್ಲಿ."

ಮರುದಿನ ಹೋದೆವು. ಅಂಗಡಿಯನ್ನು ಈಗ ಮುರ್ತುಜಾಸಾಬರ ಮೊಮ್ಮಗ ಇಕ್ಬಾಲ್ ನೋಡಿಕೊಳ್ಳುತ್ತಾನೆ. ಅದರ ಹಿಂದಿನ ಪಡಸಾಲೆಯಲ್ಲಿ ಎಂಬತ್ತು ದಾಟಿದ ಅನ್ವರಬಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನನ್ನನ್ನು ಕಂಡು ಕಣ್ಣ ಮೇಲೆ ಕೈ ಇಟ್ಟು ನೋಡಿದಳು.

"ಯಾರವಾ, ಚಹಾದಂವಾ ಏನು?"

ನಾನು ಕಾಲಿಗೆರಗಿದೆ. ಅಜ್ಜಿ ಎರಡೂ ಕೈಯಿಂದ ನನ್ನ ಮುಖ ಸವರಿ ನೆಟಿಗೆ ಮುರಿದಳು. ಕಿತ್ತೂರಿನ ಕಥೆಯನ್ನೆಲ್ಲ ಅನ್ವರವ್ವ ವರದಿ ಮಾಡಿದಳು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ಕಣ್ಣಲ್ಲಿ ನೀರು ಬರುವಂತೆ ನಕ್ಕು, "ಎಲ್ಲಾರ ಹೆಸರಿನ ಅರ್ಥ ಹೇಳ್ತಿಯಲ್ಲ ಅಳಿಯಾ, ನಿನ್ನ ಹೆಸರಿನ ಅರ್ಥ ಏನು?" ಎಂದು ಕೇಳಿದಳು.

ಮಾಸ್ತರಿಕೆ ಬಿಟ್ಟೀತೇ? "ಸಂಗ ಅಂದ್ರ ಜೋಡಿ, ಸಹವಾಸ. ಸಂಗಪ್ಪ ಅಂದ್ರ ಜೋಡಿ ಇರಾಂವಾ" ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಹೇಳಿದ ಮೇಲೆ ಎಲ್ಲಿ ಕಾಲಿಟ್ಟೆನೆಂದು ತಿಳಿಯಿತು.

"ಹೌದ? ಇಷ್ಟ ವರ್ಷ ಎದರಿನ ಅಂಗಡ್ಯಾಗ ಕುಂತು ಜೋಡಿ ಇದ್ದಿ? ಬಾ, ಇಲ್ಲೆ ಕುಂದ್ರು" ಎಂದು ಅಜ್ಜಿ ಮೊರವನ್ನು ನನ್ನ ಮುಂದೆ ತಳ್ಳಿದಳು.

ಕುಳಿತೆ. ಒಂದು ಕಡೆ ಅನ್ವರಬಿ, ಇನ್ನೊಂದು ಕಡೆ ಅನ್ವರವ್ವ, ನಡುವೆ ಶೇಂಗಾ ಸುಲಿಯುವ ನಾನು. ಅವರಿಬ್ಬರ ಮಾತು ನನ್ನ ತಲೆಯ ಮೇಲಿಂದ ಹಾಯುತ್ತಿತ್ತು. ನಿಜ ಹೇಳಬೇಕೆಂದರೆ, ಇಪ್ಪತ್ತಮೂರು ಶಿಕ್ಷಕರ ಚಪ್ಪಾಳೆಗಿಂತ ಅದು ಹಿತವಾಗಿತ್ತು. ಅಷ್ಟರಲ್ಲಿ ಫೋನು ಬಂತು. ಮಡಿವಾಳೆಪ್ಪ.

"ಸರ್, ನಿನ್ನಿ ಕಾರ್ಯಕ್ರಮ ಎಲ್ಲಾರಿಗೂ ಭಾಳ ಸೇರೇತಿ. ಬರೂ ತಿಂಗಳಾನೂ ಇಟ್ಕೊಳ್ಳೂನು ಅನ್ನಾಕ ಹತ್ಯಾರ."

ನನ್ನ ಎದೆ ಉಬ್ಬಿತು. "ಅದಕ್ಕೇನ್ರಿ, ನಾ ತಯಾರದೇನಿ. ಒಂದೆರಡ ವಿಷಯ ಮನಸ್ಸಿನ್ಯಾಗ..."

"ನಿಮಗಲ್ರೀ ಸರ್. ವೈನಿಯವರಿಗೆ ಫೋನ್ ಕೊಡ್ರಿ."

ಕೊಟ್ಟೆ. ಅನ್ವರವ್ವ ಮೊದಲು ಬೇಡವೆಂದಳು, ಆಮೇಲೆ ನೋಡೋಣವೆಂದಳು, ಆಮೇಲೆ ಒಪ್ಪಿಕೊಂಡಳು. ಅತ್ತಲಿಂದ ಅವನು ಏನೋ ಕೇಳಿದ. ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ವಿಷಯಕ್ಕೇನ ಕಡಿಮಿಲ್ರಿ" ಎಂದಳು. "ಇಲ್ಲೇ ಕುಂತು ಶೇಂಗಾ ಸುಲಿಯಾಕ ಹತ್ತೈತಿ."