ಬಣ್ಣದ ಚೀಲ ಮತ್ತು ನಮ್ಮ ಯಜಮಾನರ ಬೆನ್ನು

ಚಿತ್ರ ಬರೆಯುವುದಕ್ಕಿಂತ ಚಿತ್ರ ಬರೆಯಲು ಹೊರಡುವುದೇ ನನಗೆ ಹೆಚ್ಚು ಇಷ್ಟ ಎಂದು ಒಪ್ಪಿಕೊಳ್ಳಲು ಹತ್ತು ವರ್ಷ ಬೇಕಾಯಿತು. ಮಧುಗಿರಿಯ ಒಂದು ಕಚೇರಿಯಲ್ಲಿ ಕೂತು, ಬಂದ ಕಾಗದಕ್ಕೆಲ್ಲ ಸೀಲು ಹೊಡೆಯುವುದು ನನ್ನ ಉದ್ಯೋಗ. ನಲವತ್ತು ದಾಟಿದ ಮೇಲೆ ಮೊಬೈಲಿನಲ್ಲಿ ನೋಡಿ ಜಲವರ್ಣ ಕಲಿತೆ. ಕಲಿತದ್ದು ಸ್ವಲ್ಪ, ಕೊಂಡದ್ದು ಬಹಳ. ಊರೂರಿಗೆ ಹೋಗಿ ಚಿತ್ರ ಬರೆಯುವವರು ಏನೇನು ಒಯ್ಯಬೇಕೆಂದು ತಿಳಿಸುವ ವಿಡಿಯೋಗಳಲ್ಲಿ ಎಲ್ಲರೂ "ಇಷ್ಟೇ ಸಾಕು" ಎನ್ನುತ್ತಾರೆ. ಆದರೆ ಒಬ್ಬರ ಇಷ್ಟು ಇನ್ನೊಬ್ಬರ ಇಷ್ಟಲ್ಲ. ನಾನು ಎಲ್ಲರ ಇಷ್ಟನ್ನೂ ಕೂಡಿಸಿ ಒಂದೇ ಚೀಲಕ್ಕೆ ತುಂಬಿಕೊಂಡೆ. ನಲವತ್ತೆಂಟು ಬಣ್ಣದ ಟ್ಯೂಬು, ಹದಿನೇಳು ಬ್ರಷ್ಷು, ಮೂರು ಅಳತೆಯ ಕಾಗದ, ರಟ್ಟು, ಕ್ಲಿಪ್ಪು, ಮಡಚುವ ಸ್ಟೂಲು, ಕುಡಿಯಲೊಂದು ಬಾಟಲಿ ನೀರು, ಬ್ರಷ್ಷಿಗೊಂದು ಬಾಟಲಿ. ಇದರ ಮೇಲೆ, ಬಣ್ಣ ಬೇಗ ಒಣಗಲೆಂದು ಕೂದಲು ಒಣಗಿಸುವ ಯಂತ್ರ. ಪಾವಗಡದ ಬಂಡೆಯ ಮೇಲೆ ಪ್ಲಗ್ ಎಲ್ಲಿರುತ್ತದೆ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದ್ದರು. ಪಾವಗಡದ ಬಿಸಿಲಿಗೆ ಅದು ಯಾಕೆ ಬೇಕು ಎಂದು ಕೇಳಿದ್ದರೆ ಉತ್ತರ ಇನ್ನೂ ಕಷ್ಟವಾಗುತ್ತಿತ್ತು.

ನಮ್ಮ ಯಜಮಾನರು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಹೆಸರು ರಂಗಪ್ಪ. ಚಿತ್ರಕಲೆಯ ಗಂಧಗಾಳಿ ಇಲ್ಲ, ಆದರೆ ನಾನು ಎಲ್ಲಿಗೆ ಹೊರಟರೂ ಚೀಲ ಹೊತ್ತು ಹಿಂದೆ ಬರುತ್ತಿದ್ದರು. ಗೊರವನಹಳ್ಳಿಯ ಬಸ್ಸಿನಲ್ಲಿ ನಿಂತುಕೊಂಡು ಹೊತ್ತಿದ್ದಾರೆ, ಪಾವಗಡದ ಬೆಟ್ಟದ ಮೆಟ್ಟಿಲಲ್ಲಿ ಹೊತ್ತಿದ್ದಾರೆ, ತೋವಿನಕೆರೆಯ ಹೊಲದ ಬದುವಿನ ಮೇಲೂ ಹೊತ್ತಿದ್ದಾರೆ. ಒಂದು ದಿನವೂ ಉಸ್ಸೆಂದವರಲ್ಲ. ಜಾಗ ಸಿಕ್ಕಿದ ಕೂಡಲೇ ಚಾಪೆ ಹಾಸಿ, ಬೇಕಾದ ಸಾಮಾನು ತೆಗೆದು ನನ್ನ ಬಲಗೈ ಹತ್ತಿರ ಜೋಡಿಸಿ, ತಾವು ಸ್ವಲ್ಪ ದೂರ ಕೂತು ಕಡ್ಲೆಪುರಿ ತಿನ್ನುತ್ತಿದ್ದರು. ಗಂಡಸಿನ ಬೆನ್ನಿನ ಶಕ್ತಿಯೇ ಶಕ್ತಿ ಎಂದು ನಾನು ಒಳಗೊಳಗೇ ಮೆಚ್ಚಿಕೊಂಡಿದ್ದೆ.

ಆ ಬೆನ್ನು ಮೊನ್ನೆ ಒಂದು ಶನಿವಾರ ವಾಲಿಬಾಲ್ ಕಂಬ ನೆಡಿಸುವಾಗ ಹಿಡಿದುಕೊಂಡಿತು. ಭಾನುವಾರ ನಾನು ಶಿರಾಕ್ಕೆ ಹೋಗಲೇಬೇಕಿತ್ತು. ನನ್ನ ಸಹೋದ್ಯೋಗಿ ನಸೀಮಾಳ ತಂದೆ ರಶೀದ್ ಸಾಬರದು ಅಲ್ಲಿ ಬೀಗ ರಿಪೇರಿಯ ಅಂಗಡಿ. ಐವತ್ತು ವರ್ಷದ ಹಳೆಯ ಹಲಗೆ ಬಾಗಿಲಿನದು. ಮನೆಯವರೆಲ್ಲ ಸೇರಿ ಅಲ್ಲಿ ಕಾಂಪ್ಲೆಕ್ಸ್ ಕಟ್ಟಿಸುವುದಾಗಿತ್ತು. ಅಂದೇ ಮಧ್ಯಾಹ್ನ ಬಾಗಿಲು ಕಳಚುವುದು, ಮರುದಿನ ಗೋಡೆ ಕೆಡವುವುದು ಎಂದು ಗೊತ್ತಾಗಿತ್ತು. ಅಷ್ಟರೊಳಗೆ ಅದನ್ನು ಬರೆದುಕೊಡುತ್ತೇನೆಂದು ನಸೀಮಾಳಿಗೆ ಮಾತು ಕೊಟ್ಟಿದ್ದೆ. "ಅಬ್ಬಾಗೆ ಫೋಟೋ ಬೇಡ್ವಂತೆ ಮೇಡಂ, ನಿಮ್ಮ ಕೈಯಿಂದ್ಲೇ ಆಗ್ಬೇಕಂತೆ" ಎಂದಿದ್ದಳು.

ಮಂಚದ ಮೇಲೆ ಬೋರಲು ಮಲಗಿದ್ದ ಯಜಮಾನರು ನಾನು ಚೀಲ ತುಂಬುವುದನ್ನು ನೋಡಿದರು. "ಅಷ್ಟೆಲ್ಲಾ ಯಾಕೆ, ಒಂದೀಟು ಹಗುರ ಮಾಡ್ಕಂಡು ಹೋಗೇ."

"ಯಾವಾಗಲೂ ಇಷ್ಟನ್ನೇ ಅಲ್ವೇನ್ರೀ ಒಯ್ಯೋದು?"

ಅವರು ಏನೋ ಹೇಳಲು ಬಾಯಿ ತೆರೆದು, ಹಾಗೇ ಗೋಡೆಯ ಕಡೆ ಮುಖ ತಿರುಗಿಸಿದರು. ಬೆನ್ನು ನೋವಿರಬೇಕು ಎಂದುಕೊಂಡೆ.

ಬಾಗಿಲು ದಾಟುವಷ್ಟರಲ್ಲೇ ನನ್ನ ಹೆಗಲು ಒಂದು ಕಡೆ ವಾಲಿತು. ಬಸ್ಸು ಹತ್ತಲು ಕಂಡಕ್ಟರೇ ಕೈ ಹಾಕಬೇಕಾಯಿತು. "ಅಕ್ಕಾ, ಒಳಗೆ ಒಳ್ಳುಕಲ್ಲು ಏನಾರ ಇಟ್ಟಿದ್ದೀರಾ ಹೆಂಗೆ?" ಎಂದ. ಶಿರಾದಲ್ಲಿ ಕಾಯುತ್ತಿದ್ದ ನಸೀಮಾ ಚೀಲದ ಇನ್ನೊಂದು ಕಿವಿ ಹಿಡಿದಳು. ಇಬ್ಬರೂ ಎರಡು ಕಡೆ ಬಾಗಿಕೊಂಡು ಅಂಗಡಿ ಮುಟ್ಟಿದೆವು.

ರಶೀದ್ ಸಾಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬ ತೊಟ್ಟು, ಗಡ್ಡ ಬಾಚಿಕೊಂಡು, ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಬಾಗಿಲಿನ ಒಂಬತ್ತು ಹಲಗೆಗಳಲ್ಲಿ ನಾಲ್ಕು ತೆಗೆದು ಐದು ಹಾಗೇ ಬಿಟ್ಟಿದ್ದರು. "ಪೂರಾ ತೆಗೆದ್ರೆ ಬಾಗ್ಲು ಕಾಣಲ್ಲ, ಪೂರಾ ಹಾಕಿದ್ರೆ ಅಂಗಡಿ ಕಾಣಲ್ಲ. ಎರಡೂ ಇರ್ಲಿ ಬೇಟಿ" ಎಂದರು.

ನಾನು ಎದುರಿನ ಜಗಲಿಯ ಮೇಲೆ ನನ್ನ ಸಂಸಾರ ಹರಡಿದೆ. ಜಗಲಿ ತುಂಬಿಹೋಯಿತು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ, "ಕಾಡಿಗೆ ಐತೇನಕ್ಕಾ?" ಎಂದು ಕೇಳಿದಳು. ನನ್ನಲ್ಲಿ ಆರು ಥರದ ಕಂದು ಬಣ್ಣವಿತ್ತು. ಹಲಗೆಗೆ ಯಾವುದು ಸರಿ? ಒಂದೊಂದನ್ನೂ ಚೂರು ಕಾಗದದ ಮೇಲೆ ಬಳಿದು ನೋಡಿದೆ. ಬ್ರಷ್ಷುಗಳನ್ನು ಬದಲಾಯಿಸಿದೆ. ದೊಡ್ಡ ಕಾಗದ ತೆಗೆದು ಚಿಕ್ಕದು ಹಾಕಿದೆ, ಮತ್ತೆ ದೊಡ್ಡದು ಹಾಕಿದೆ. "ಶುರು ಆಯ್ತಾ ಬೇಟಿ?" ಎಂದು ಸಾಬರು ಮೂರು ಸಲ ಕೇಳಿದರು. "ಆಗ್ತಾ ಇದೆ ಸಾಬ್ರೇ" ಎಂದು ಮೂರು ಸಲವೂ ಸುಳ್ಳು ಹೇಳಿದೆ. ಒಂದೂವರೆ ಗಂಟೆ ಹೋಯಿತು. ಬಾಗಿಲ ಮೇಲಿದ್ದ ನೆರಳು ಸರಿಯಿತು. ಇನ್ನೊಂದು ಗಂಟೆಯೊಳಗೆ ಸಾಬರು ನಮಾಜಿಗೆ ಏಳಬೇಕು, ಆಮೇಲೆ ಬಾಗಿಲು ಕಳಚುವವರು ಬರುತ್ತಾರೆ. ನನ್ನ ಕಾಗದ ಬೆಳ್ಳಗೇ ಇತ್ತು. ಬೇರೆ ದಾರಿ ಕಾಣದೆ ಮನೆಗೆ ಫೋನ್ ಮಾಡಿದೆ.

"ರೀ, ನಾನು ಯಾವಾಗಲೂ ಮರಕ್ಕೆ ಹಾಕ್ತಿದ್ದ ಕಂದು ಯಾವುದು?"

"ಸಿಟ್ಟು ಮಾಡ್ಕಬಾರ್ದು ಕಣೆ" ಎಂದರು. "ನಾನು ಇಕ್ತಿದ್ದುದೇ ಒಂದು ಕಂದು. ಎಂಟು ಬಣ್ಣ, ಎರಡು ಬ್ರಷ್ಷು, ಅಷ್ಟೇಯ. ಮಿಕ್ಕಿದ್ದೆಲ್ಲಾ ನೀನು ಸ್ನಾನಕ್ಕೆ ಹೋದಾಗ ಬೀರು ಹಿಂದ್ಕೆ ಇಟ್ಬುಟ್ಟು, ಬಂದ್ಮೇಲೆ ತಿರ್ಗಾ ಚೀಲಕ್ಕೆ ತುಂಬ್ತಿದ್ದೆ. ನೀನು ಯಾವತ್ತೂ ಕೇಳ್ಲೇ ಇಲ್ಲ."

"ಯಾವಾಗಿನಿಂದ?"

"ಗೊರವನಹಳ್ಳಿಗೆ ಹೋದಾಗಿನಿಂದ." ಅದು ನಮ್ಮ ಮೊದಲನೆಯ ಪ್ರವಾಸ.

"ಚೀಲ ತುಂಬಿರ್ತಿತ್ತಲ್ಲ?"

"ಕಡ್ಲೆಪುರಿ" ಎಂದರು.

ನಸೀಮಾ ಅಷ್ಟು ಹತ್ತಿರ ನಿಂತಿರದಿದ್ದರೆ ನಾನು ಏನು ಹೇಳುತ್ತಿದ್ದೆನೋ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಈಗ ನಾನು ಹೇಳಿದ್ದು ಮಾತ್ರ ಎತ್ತಿಕ. ಒಣಗಿದ ಹುಣಸೇಹಣ್ಣಿನ ಬಣ್ಣದ್ದು ಒಂದದೆ ನೋಡು, ಅದು ಮರಕ್ಕೆ. ಇಟ್ಟಿಗೆ ಬಣ್ಣದ್ದೊಂದು. ರಾಗಿಮುದ್ದೆ ಬಣ್ಣದ್ದೊಂದು, ನೆರಳಿಗೆ ಅದನ್ನೇ ನೀನು ಹಾಕಾದು..." ಹೀಗೆ ಎಂಟೂ ಹೇಳಿದರು. ಒಂದರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಯಾವುದನ್ನು ನಾನು ಎಲ್ಲಿ ಹಾಕುತ್ತೇನೆಂದು ಮಾತ್ರ ಗೊತ್ತಿತ್ತು, ನನಗಿಂತ ಚೆನ್ನಾಗಿ. "ಬ್ರಷ್ಷಲ್ಲಿ, ಹಿಂದಿನ ತುದಿ ನೀನು ಕಚ್ಚಿರ್ತೀಯಲ್ಲ, ಅದು" ಎಂದು ಸೇರಿಸಿದರು.

ಉಳಿದ ನಲವತ್ತನ್ನೂ ಚೀಲಕ್ಕೆ ತುರುಕಿ ಚಿತ್ರಕ್ಕೆ ಕೂತೆ. ಸಿಟ್ಟಿಗೋ ಏನೋ, ಬ್ರಷ್ಷು ತಡೆಯಿಲ್ಲದೆ ಓಡಿತು. ಮುಕ್ಕಾಲು ಗಂಟೆಯಲ್ಲಿ ಬಾಗಿಲು, ಗೋಡೆಗೆ ತೂಗುಹಾಕಿದ್ದ ಬೀಗದ ಕೈಗಳ ಗೊಂಚಲು, ಸ್ಟೂಲಿನ ಮೇಲೆ ಸಾಬರು, ಎಲ್ಲವೂ ಕಾಗದದ ಮೇಲೆ ಬಂದು ಕೂತವು. ಸಾಬರು ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮ ಮುಖದ ಕಡೆ ಹೆಚ್ಚು ಗಮನ ಕೊಡಲಿಲ್ಲ. "ಏಳನೇ ಹಲಗೆ ಸ್ವಲ್ಪ ಬಾಗಿದೆ. ನೋಡಿದ್ದೀರಿ ನೀವು" ಎಂದಷ್ಟೇ ಹೇಳಿ ಮಗಳ ಕೈಗೆ ಕೊಟ್ಟು ನಮಾಜಿಗೆ ಹೊರಟರು. ನಸೀಮಾ ಅದನ್ನು ಎದೆಗೆ ಒರಗಿಸಿಕೊಂಡು ಆ ಕಡೆ ತಿರುಗಿ ನಿಂತಳು. ಸಾಬರು ವಾಪಸು ಬಂದಮೇಲೆ ಬಾಗಿಲು ಕಳಚುವವರಿಗೆ ಬಿಡದೆ, ಉಳಿದ ಐದು ಹಲಗೆಗಳನ್ನು ಒಂದೊಂದಾಗಿ ತಾವೇ ತೆಗೆದಿಟ್ಟರು.

ನನ್ನ ಸಿಟ್ಟು ಮಧುಗಿರಿಯವರೆಗೂ ಬಂತು. ಆ ಸಂಜೆ ಯಜಮಾನರ ಬೆನ್ನಿಗೆ ಎಣ್ಣೆ ಹಚ್ಚುವಾಗ ಬೇಕೆಂದೇ ಸ್ವಲ್ಪ ಜೋರಾಗಿ ತಿಕ್ಕಿದೆ. ಹತ್ತು ವರ್ಷದ ಕಳ್ಳತನದ ಬಗ್ಗೆ ಅಂದಿನಿಂದ ಇಂದಿನವರೆಗೆ ನಮ್ಮಿಬ್ಬರ ನಡುವೆ ಒಂದು ಮಾತೂ ಆಗಿಲ್ಲ.

ಈಗ ಅವರ ಬೆನ್ನು ಸರಿಹೋಗಿದೆ. ಕಳೆದ ಭಾನುವಾರ ಐ.ಡಿ.ಹಳ್ಳಿ ಕಡೆ ಹೊರಟಾಗ ನಾನು ಮೊದಲಿನಂತೆಯೇ ನಲವತ್ತೆಂಟನ್ನೂ ತುಂಬಿ ಚೀಲವನ್ನು ಹಾಲ್‌ನಲ್ಲಿ ಇಟ್ಟೆ. ಎಂಟು ಬಣ್ಣ ಆರಿಸುವುದು ನನ್ನಿಂದ ಆಗುವ ಕೆಲಸವಲ್ಲ, ನೀವೇ ಆರಿಸಿ ಎಂದು ಬಾಯಿಬಿಟ್ಟು ಕೇಳುವುದೂ ಆಗುವುದಿಲ್ಲ. ಅದಕ್ಕೇ ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡೆ. ಹೊರಗೆ ಬೀರು ಸರಿಸುವ ಸದ್ದು ಕೇಳಿಸಿತು. ನನ್ನ ಸ್ನಾನವೇನೋ ಐದು ನಿಮಿಷಕ್ಕೆ ಮುಗಿಯಿತು. ಆದರೆ ಅವರ ಕೆಲಸ ಮುಗಿಯಬೇಕಲ್ಲ, ಮೈ ಒರೆಸಿ ಸೀರೆ ಉಟ್ಟುಕೊಂಡು ಇನ್ನೊಂದು ಹತ್ತು ನಿಮಿಷ ಖಾಲಿ ಚೊಂಬನ್ನು ಬಕೆಟ್ಟಿಗೆ ಬಡಿಯುತ್ತಾ ಒಳಗೇ ನಿಂತಿದ್ದೆ.